ಗೆಂಡೆಹಳ್ಳಿಗೆ ಈಜಿನ ತಂಡ ಏಕೆ ಬೇಡ?

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯ ಚಹದ ಅಂಗಡಿಯೊಂದರಲ್ಲಿ ಕುಳಿತು ನಾವು ಈ ಮಾತು ತೆಗೆದಾಗ ನಕ್ಕವರೇ ಹೆಚ್ಚು. ಊರಿನ ವಯಸ್ಕರು, ಗಂಡಸರು ಹೆಂಗಸರೆನ್ನದೆ, ಈಜು ಕಲಿಯಬೇಕು. ಕಲಿತವರು ತಂಡ ಕಟ್ಟಿ ವಾರಕ್ಕೆ ಮೂರು ಸಂಜೆ ಅಭ್ಯಾಸ ಮಾಡಬೇಕು. ವರ್ಷಕ್ಕೊಮ್ಮೆಯಾದರೂ ಪಂದ್ಯಕ್ಕೆ ಹೋಗಿಬರಬೇಕು. ನಾವು ಹೇಳಿದ್ದು ಇಷ್ಟೆ. “ನಲವತ್ತು ದಾಟಿದ ಮೇಲೆ ಈಜು ಕಲ್ತು ಯಾವ ಸಮುದ್ರ ಹಾಯ್ಬೇಕು ಸ್ವಾಮಿ?” ಎಂದರು ಒಬ್ಬರು. ಗೆಂಡೆ ಎಂದರೆ ಕೆರೆಯ ಮೀನು. ಆ ಶಬ್ದವನ್ನು ಹೆಸರಿನಲ್ಲೇ ಹೊತ್ತ ಊರಿನಲ್ಲಿ ಈಜಿನ ಮಾತು ನಗೆಯ ಮಾತಾಯಿತಲ್ಲ ಎಂದು ನಾವೂ ನಕ್ಕೆವು. ಅಂಗಡಿಯ ಹೊರಗೆ ನಿಂತಿದ್ದ, ಕಾಫಿ ತೋಟದ ಕೆಲಸದಿಂದ ಮರಳುತ್ತಿದ್ದ ಹೆಂಗಸೊಬ್ಬರು ಮಾತ್ರ ನಗಲಿಲ್ಲ. “ನಮ್ಮನ್ನೂ ನೀರಿಗೆ ಇಳಿಸ್ತೀರಾ?” ಎಂದು ಕೇಳಿದರು. ನಗುವವರಿಗಲ್ಲ, ಆಕೆಗೆ ಉತ್ತರ ಕೊಡುವುದು ನಮ್ಮ ಕರ್ತವ್ಯವೆಂದು ತಿಳಿದು ಇದನ್ನು ಬರೆಯುತ್ತಿದ್ದೇವೆ.

ಸಮುದ್ರ ದೂರದ ಮಾತು. ಹೊಂಡ ಹೊಲದ ಮೂಲೆಯಲ್ಲೇ ಇದೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ರಾಜ್ಯದ ಬಯಲುಸೀಮೆಯಲ್ಲೆಲ್ಲ ಕೃಷಿ ಹೊಂಡಗಳು ತೋಡಲ್ಪಟ್ಟವು. ಮಳೆನೀರು ನಿಲ್ಲಲೆಂದು ಅವಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿದರು. ನೀರಿಗೆ ಅದು ಒಳ್ಳೆಯದೇ. ಆದರೆ ಕಾಲು ಜಾರಿ ಬಿದ್ದವನಿಗೆ ಆ ಹಾಳೆಯ ಮೇಲೆ ಹಿಡಿಯಲು ಒಂದು ಹುಲ್ಲುಕಡ್ಡಿಯೂ ಸಿಕ್ಕುವುದಿಲ್ಲ. ಮಕ್ಕಳೂ ದೊಡ್ಡವರೂ ಅಲ್ಲಿ ಸತ್ತ ಸುದ್ದಿಗಳು ಬಂದು ಬಂದು, 2023-24ರಲ್ಲಿ ಯೋಜನೆಯನ್ನು ಮತ್ತೆ ಆರಂಭಿಸಿದಾಗ ಹೊಂಡದ ಸುತ್ತ ತಂತಿಬೇಲಿಯನ್ನೂ ಸೇರಿಸಿದರು. ಮಲೆನಾಡಿನ ಸೆರಗಿಗೆ ಬಂದರೆ ಕಾಫಿ ಹೂವಿಗೆ ನೀರು ಚಿಮುಕಿಸಲು ತೋಡಿದ ತೋಟದ ಕೆರೆಗಳಿವೆ. ದೇಶದಲ್ಲಿ 2022ರ ಒಂದೇ ವರ್ಷ ನೀರಿನಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು ಎಂದು ಸರ್ಕಾರದ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಟ್ಟಿದೆ. ಇವರಲ್ಲಿ ಬಿದ್ದವರಷ್ಟೇ ಇಲ್ಲ. ಬಿದ್ದವರನ್ನು ಎತ್ತಲು ಉಟ್ಟ ಬಟ್ಟೆಯಲ್ಲೇ ಹಾರಿದ ತಂದೆತಾಯಿಯರೂ ಇದ್ದಾರೆ. ಬೇಲಿ ಬೇಕು, ಬೇಡವೆನ್ನುವವರಾರು? ಆದರೆ ಬೇಲಿ ಯಾರಿಗೂ ಈಜು ಕಲಿಸುವುದಿಲ್ಲ.

ಹಾಗಾದರೆ ನಮ್ಮ ಹಳ್ಳಿಗಳಲ್ಲಿ ಇಷ್ಟು ಕಾಲ ಈಜು ಕಲಿತವರು ಯಾರು? ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಬಾವಿಗೆ ಧುಮುಕಿದ ಹುಡುಗರು. ಅವರಲ್ಲಿಯೂ ಬಾವಿ ಯಾರದೋ, ಬಾವಿಯ ಒಡೆಯ ಯಾರನ್ನು ಇಳಿಯಗೊಡುತ್ತಾನೋ ಅವರು ಮಾತ್ರ. ಹೊಲೆಯರ ಕೇರಿಯ ಹುಡುಗ ಆ ಮೆಟ್ಟಿಲಿಗೆ ಕಾಲಿಟ್ಟಿದ್ದರೆ ಏನಾಗುತ್ತಿತ್ತೆಂದು ವಾಚಕರಿಗೆ ಹೇಳಬೇಕಿಲ್ಲ. 1927ರ ಮಾರ್ಚ್ 20ರಂದು ಮಹಾಡದಲ್ಲಿ ಡಾ. ಅಂಬೇಡ್ಕರರು ಚವದಾರ್ ಕೆರೆಯ ನೀರು ಮುಟ್ಟಿ ಕುಡಿಯಲು ಸಾವಿರಾರು ಜನರನ್ನು ಕೂಡಿಕೊಂಡು ನಡೆಯಬೇಕಾಯಿತು. ಮುಂದೆ ಬಂದ ನಮ್ಮ ಸಂವಿಧಾನದ 15ನೆಯ ವಿಧಿ ಬಾವಿ, ಕೆರೆ, ಸ್ನಾನಘಟ್ಟಗಳ ಹೆಸರನ್ನೇ ಎತ್ತಿ, ಸರ್ಕಾರದ ಹಣದಿಂದ ನಡೆಯುವ ಇವುಗಳಿಗೆ ಜಾತಿ, ಧರ್ಮ, ಲಿಂಗದ ಕಾರಣದಿಂದ ಯಾರನ್ನೂ ತಡೆಯಕೂಡದೆಂದಿತು. ಇದು ನಮ್ಮೊಬ್ಬರ ರೋಗವೂ ಅಲ್ಲ. 1964ರ ಜೂನಿನಲ್ಲಿ ಅಮೆರಿಕದ ಸೇಂಟ್ ಆಗಸ್ಟೀನ್ ಊರಿನಲ್ಲಿ ಬಿಳಿಯರ ಹೋಟೆಲಿನ ಈಜುಕೊಳಕ್ಕೆ ಕಪ್ಪು ಜನ ಇಳಿದಾಗ ಹೋಟೆಲಿನವನು ಆ ನೀರಿಗೆ ಆಮ್ಲ ಸುರಿದ. ಇನ್ನು ಹೆಂಗಸರು: ಯಾವ ಜಾತಿಯವರಾದರೂ ಸರಿ, ಅವರಿಗೆ ಕೆರೆ ಎಂದರೆ ಬಟ್ಟೆ ಒಗೆಯುವ ಕಲ್ಲು. ಮೊಣಕಾಲಿನ ಮೇಲಿನ ನೀರು ಅವರದ್ದಲ್ಲ.

ನೀರಿಗೆ ಬರಗಾಲವಿದ್ದ ಸೀಮೆಯೇ ಇದು? ಹೊಯ್ಸಳರ ರಾಜಧಾನಿಗೆ ದ್ವಾರಸಮುದ್ರವೆಂಬ ಹೆಸರು ಬಂದದ್ದೇ ಹಳೇಬೀಡಿನ ಕೆರೆಯಿಂದ. ಬೇಲೂರಿನಲ್ಲಿ ವಿಷ್ಣುಸಮುದ್ರವಿದೆ. ಹುಳಿಕೆರೆಯ ಕಲ್ಯಾಣಿಯ ಮೆಟ್ಟಿಲುಗಳನ್ನು ನೋಡಲು ಪರದೇಶದವರು ಬರುತ್ತಾರೆ. ಬೇಲೂರಿನ ಮಗ್ಗುಲಲ್ಲಿ ಯಗಚಿಗೆ ಅಣೆಕಟ್ಟೆ ಕಟ್ಟಿದ ಮೇಲೆ ಹಿನ್ನೀರಿನಲ್ಲಿ ಪ್ರವಾಸಿಗರಿಗಾಗಿ ದೋಣಿಗಳೂ ಜಲಸಾಹಸದ ಆಟಗಳೂ ಬಂದವು. ಬರಲಿ. ಆದರೆ ರಜೆಗೆ ಬಂದವರು ರಕ್ಷಾಕವಚ ತೊಟ್ಟು ಸುತ್ತಿಬರುವ ನೀರಿನ ದಡದಲ್ಲೇ ಹುಟ್ಟಿ ಬೆಳೆದವನು ಅದೇ ನೀರಿಗೆ ಹೆದರಿ ಸಾಯುವ ತನಕ ಬದುಕುವುದು ನಮಗೆ ಸರಿಕಾಣುವುದಿಲ್ಲ.

ಬೆಂಗಳೂರಿನ ಕಥೆ ಬೇರೆ. 2000ದ ಸಿಡ್ನಿ ಒಲಿಂಪಿಕ್ಸಿಗೆ ಹೋದ ನಿಶಾ ಮಿಲೆಟ್, ಟೋಕಿಯೋ ಮತ್ತು ಪ್ಯಾರಿಸ್ಸಿಗೆ ಹೋದ ಶ್ರೀಹರಿ ನಟರಾಜ್, 14ನೆಯ ವಯಸ್ಸಿನಲ್ಲೇ 2024ರ ಪ್ಯಾರಿಸ್ ಕೂಟದಲ್ಲಿ ಈಜಿದ ಧಿನಿಧಿ ದೇಸಿಂಘು, ಇವರೆಲ್ಲ ಆ ನಗರದ ಈಜುಕೊಳಗಳಲ್ಲಿ ಬೆಳೆದವರು. ಅವರ ಬಗ್ಗೆ ನಮಗೂ ಹೆಮ್ಮೆಯುಂಟು. ಆದರೆ ಈ ಲೇಖನದ ವಿಷಯ ಅವರಲ್ಲ. 2023ರ ನವೆಂಬರಿನಲ್ಲಿ ಮಂಗಳೂರಿನಲ್ಲಿ ಹೊಸದಾಗಿ ಕಟ್ಟಿದ ಈಜುಕೊಳದಲ್ಲಿ ರಾಷ್ಟ್ರೀಯ ಮಾಸ್ಟರ್ಸ್ ಈಜು ಪಂದ್ಯಗಳು ನಡೆದವು. ಆ ಕೊಳವಿರುವ ಜಾಗದ ಹೆಸರು ಎಮ್ಮೆಕೆರೆ. ಎಮ್ಮೆಯ ಹೆಸರಿನ ಕೆರೆಯಲ್ಲಿ ನಡುವಯಸ್ಸಿನ ಗಂಡಸರು ಹೆಂಗಸರು ಗಡಿಯಾರದ ವಿರುದ್ಧ ಈಜಿದರೆಂದರೆ ಗೆಂಡೆಯ ಹೆಸರಿನ ಹಳ್ಳಿಗೇನು ಕೊರತೆ?

ಮಾಸ್ಟರ್ಸ್ ಎಂದರೆ ಗುರುಗಳೂ ಅಲ್ಲ, ಯಜಮಾನರೂ ಅಲ್ಲ. ಇಪ್ಪತ್ತೈದು ತುಂಬಿದ ಯಾರಾದರೂ ಆಗಬಹುದು. 25ರಿಂದ 29, 30ರಿಂದ 34, ಹೀಗೆ ಐದೈದು ವರ್ಷಕ್ಕೊಂದು ವರ್ಗ; ಐವತ್ತೆರಡರವನು ಇಪ್ಪತ್ತೆರಡರವನ ಜೊತೆ ಸೆಣಸಬೇಕಿಲ್ಲ. 1986ರಲ್ಲಿ ಟೋಕಿಯೋದಲ್ಲಿ ಇವರ ಮೊದಲ ವಿಶ್ವ ಕೂಟ ನಡೆಯಿತು. ನಮಗೆ ಬಹಳ ಹಿಡಿಸಿದ್ದು ಇವರ ರಿಲೇ ಓಟದ ಕ್ರಮ. ನಾಲ್ವರ ವಯಸ್ಸನ್ನು ಕೂಡಿಸಿ ತಂಡದ ವರ್ಗ ಗೊತ್ತುಮಾಡುತ್ತಾರೆ. ಇಪ್ಪತ್ತೇಳರ ಮಗಳು, ನಲವತ್ತೊಂದರ ಅಣ್ಣ, ಐವತ್ತೆರಡರ ಅತ್ತೆ, ಅರವತ್ತಮೂರರ ದೊಡ್ಡಪ್ಪ ಕೂಡಿದರೆ 183 ವರ್ಷ. ಅವರು 160ರಿಂದ 199ರ ವರ್ಗದಲ್ಲಿ ಈಜುತ್ತಾರೆ. ವಯಸ್ಸಾದವರನ್ನು ಮೂಲೆಗೆ ಕೂರಿಸದೆ ಅವರ ವರ್ಷಗಳನ್ನೇ ತಂಡದ ಲೆಕ್ಕಕ್ಕೆ ಹಿಡಿಯುವ ಆಟ ಮತ್ತೊಂದು ಯಾವುದಿದೆಯೋ! ಜಪಾನಿನ ಮಿಯೆಕೊ ನಾಗಾಓಕಾ ಎಂಬ ಅಜ್ಜಿ ಎಂಬತ್ತರ ಮೇಲೆ ಮೊಣಕಾಲಿನ ನೋವಿಗೆಂದು ನೀರಿಗಿಳಿದವರು. 2015ರಲ್ಲಿ ತಮ್ಮ ನೂರನೆಯ ವಯಸ್ಸಿನಲ್ಲಿ 1500 ಮೀಟರನ್ನು ಒಂದು ಗಂಟೆ ಹದಿನಾರು ನಿಮಿಷದೊಳಗೆ ಈಜಿ ಮುಗಿಸಿದರು.

“ದಿನವೆಲ್ಲ ದುಡಿಯುವವರಿಗೆ ವ್ಯಾಯಾಮ ಏತಕ್ಕೆ?” ಇದು ಅಂಗಡಿಯಲ್ಲಿ ಬಂದ ಇನ್ನೊಂದು ಮಾತು. ಕೇಳಲು ಕೂಲಿಗಾರರ ಪರವಾಗಿರುವಂತೆ ತೋರುವ ಈ ಮಾತು ವಾಸ್ತವದಲ್ಲಿ ಅವರ ಪರವಲ್ಲ. ಕೂಲಿ ಮೈಯನ್ನು ಬೆಳೆಸುವುದಿಲ್ಲ, ಒಂದೇ ಕಡೆ ಸವೆಸುತ್ತದೆ. ಹಣ್ಣು ಬಿಡಿಸುವ ತಿಂಗಳುಗಳಲ್ಲಿ ಕತ್ತು ಮೇಲೆ, ಕೈ ಮೇಲೆ. ಮೂಟೆ ಹೊರುವಾಗ ಸೊಂಟ. ಕಳೆ ಕೀಳುವಾಗ ಬೆನ್ನು. ಕುತ್ತಿಗೆಯ ತನಕ ನೀರಿನಲ್ಲಿ ನಿಂತವನ ಮೈಭಾರ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಸವೆದ ಮಂಡಿಗೆ ಭಾರ ಹಾಕದೆ ಎದೆಗೂ ಉಸಿರಿಗೂ ದುಡಿತ ಕೊಡಬಲ್ಲ ವ್ಯಾಯಾಮ ಇದಕ್ಕಿಂತ ಬೇರೆ ಸಿಕ್ಕುವುದು ಕಷ್ಟ. (ಎದೆನೋವು, ರಕ್ತದೊತ್ತಡ ಇದ್ದವರು ಮೊದಲು ವೈದ್ಯರನ್ನು ಕೇಳಿಯೇ ಇಳಿಯಬೇಕು.)

ದೊಡ್ಡವರಿಗೆ ಈಜು ತಡವಾಗಿ ಬರುವುದು ತೋಳಿನಲ್ಲಿ ಬಲ ಸಾಲದೆ ಅಲ್ಲ, ಹೆದರಿ ಉಸಿರು ಕಟ್ಟಿಕೊಳ್ಳುವುದರಿಂದ. ಮುಖ ನೀರಿನಲ್ಲಿರುವಾಗ ಉಸಿರು ಬಿಡಬೇಕು, ಪಕ್ಕಕ್ಕೆ ಹೊರಳಿಸಿದಾಗ ಎಳೆದುಕೊಳ್ಳಬೇಕು. ತಲೆ ಎತ್ತಿದರೆ ಕಾಲು ಮುಳುಗಿತು. ಮೊದಲ ತಿಂಗಳು ಇಷ್ಟೇ ಪಾಠ. ಆಮೇಲೆ ತಂಡದ ಅಭ್ಯಾಸ ಶುರು: 25 ಮೀಟರ್ ಈಜುವುದು, ಮೂವತ್ತು ಸೆಕೆಂಡು ಬಿಡುವು, ಮತ್ತೆ 25 ಮೀಟರ್, ಹೀಗೆ ಎಂಟು ಸಲ. ತಿಂಗಳು ಕಳೆದಂತೆ ದೂರ ಹೆಚ್ಚುತ್ತದೆ, ಬಿಡುವು ಕಡಿಮೆಯಾಗುತ್ತದೆ. ಒಂದೇ ಸಾಲಿನಲ್ಲಿ ನಾಲ್ಕೈದು ಜನ ಒಬ್ಬರ ಹಿಂದೊಬ್ಬರು ಈಜುವಾಗ ಮುಂದಿನವನು ನೀರು ಸೀಳುವುದರಿಂದ ಹಿಂದಿನವನ ಕೆಲಸ ಹಗುರ. ಅದಕ್ಕೇ ಮುಂದಾಳು ಆಗಾಗ ಬದಲಾಗುತ್ತಾನೆ. ಪಂದ್ಯವೆಂದರೆ ಪೈಪೋಟಿಯಲ್ಲವೇ, ನಿಮಗೇತಕ್ಕೆ ಅದು ಎಂದು ಗೆಳೆಯರೊಬ್ಬರು ನಮ್ಮನ್ನು ಕೆಣಕಿದರು. ಕೂಲಿಯಲ್ಲಿ ಒಬ್ಬರ ಮೇಲೊಬ್ಬರನ್ನು ಛೂಬಿಡುವ ಪೈಪೋಟಿ ಬೇರೆ. ಇಲ್ಲಿ ಹೋದ ತಿಂಗಳ ತನ್ನದೇ ಕಾಲದೊಡನೆ ಪೈಪೋಟಿ, ಮತ್ತು ಪಂದ್ಯದ ದಿನಾಂಕ ಗೊತ್ತಾದ ಹೊರತು ಮಳೆಗಾಲದ ಸಂಜೆ ಮನೆಯಿಂದ ಹೊರಡುವವರು ಕಡಿಮೆ. ಇದು ಮನುಷ್ಯಸ್ವಭಾವ, ನಾವೇನೂ ಇದಕ್ಕೆ ಹೊರತಲ್ಲ.

ಅರಸೀಕೆರೆ ಕಡೆಯ ಮಿತ್ರರ ಆಕ್ಷೇಪ ಗಂಭೀರವಾದದ್ದು. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಟ್ಯಾಂಕರಿನ ದಾರಿ ಕಾಯುವವರ ಮುಂದೆ ಈಜುಕೊಳದ ಮಾತೇ ಎಂದು ಅವರು ಕೇಳುತ್ತಾರೆ. ಕುಡಿಯುವ ನೀರು ಮೊದಲು. ಅದರಲ್ಲಿ ಎರಡು ಮಾತಿಲ್ಲ. ಆದರೆ ಲೆಕ್ಕ ಹಾಕಿಯೇ ನೋಡೋಣ. 25 ಮೀಟರ್ ಉದ್ದ, 12 ಮೀಟರ್ ಅಗಲ, ಸರಾಸರಿ 1.3 ಮೀಟರ್ ಆಳದ ಕೊಳಕ್ಕೆ ಹಿಡಿಯುವುದು ಸುಮಾರು 4 ಲಕ್ಷ ಲೀಟರ್. ಒಂದು ಎಕರೆ ಭತ್ತಕ್ಕೆ ಒಂದು ಬೆಳೆಗೆ ಒಂದು ಮೀಟರಿನಷ್ಟು ನೀರೆಂದರೂ 40 ಲಕ್ಷ ಲೀಟರ್ ಆಯಿತು. ಎಂದರೆ ಇಡೀ ಕೊಳ ತುಂಬುವುದು ನಾಲ್ಕು ಗುಂಟೆ ಭತ್ತದ ನೀರಿನಿಂದ. ಅದನ್ನು ದಿನವೂ ಚೆಲ್ಲುವುದಿಲ್ಲ. ಸೋಸಿ, ಕ್ಲೋರಿನ್ ಹಾಕಿ ಮತ್ತೆ ಮತ್ತೆ ಬಳಸುತ್ತಾರೆ. ದಿನಕ್ಕೆ ಐದು ಮಿಲಿಮೀಟರ್ ಬಿಸಿಲಿಗೆ ಆರಿದರೂ 1,500 ಲೀಟರ್. ಇಷ್ಟಾಗಿಯೂ ಮಳೆ ಕೈಕೊಟ್ಟ ವರ್ಷ ಕೊಳವನ್ನು ಮುಚ್ಚಬೇಕೆಂದು ಗ್ರಾಮಸಭೆ ತೀರ್ಮಾನಿಸಿದರೆ ನಾವು ಅದರ ಪರವಾಗಿಯೇ ಕೈ ಎತ್ತುತ್ತೇವೆ.

ಸರ್ಕಾರಕ್ಕೆ ಇದು ಸಾಧ್ಯವೇ ಎಂದು ಕೇಳುವವರು ಐಸ್‌ಲ್ಯಾಂಡಿನ ಕಡೆ ನೋಡಬೇಕು. ದಡ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಬೆಸ್ತರು ಮುಳುಗಿ ಸಾಯುತ್ತಿದ್ದ ಆ ಬಡದೇಶ 1940ರಲ್ಲೇ ಶಾಲೆಗಳಲ್ಲಿ ಈಜನ್ನು ಕಡ್ಡಾಯ ಮಾಡಿತು. ನಾವು ಕೇಳುತ್ತಿರುವುದು ಅಷ್ಟು ದೊಡ್ಡದೂ ಅಲ್ಲ. ಹೋಬಳಿಗೊಂದು ಸಾರ್ವಜನಿಕ ಕೊಳ, ಅದಕ್ಕೆ ಸಂಬಳದ ಮೇಲೆ ಇಬ್ಬರು ಶಿಕ್ಷಕರು, ಅವರಲ್ಲಿ ಒಬ್ಬರು ಹೆಂಗಸಾಗಿರಬೇಕು. ಜನ ನೀರಿನಲ್ಲಿರುವಷ್ಟು ಹೊತ್ತೂ ದಡದಲ್ಲಿ ಒಬ್ಬ ಜೀವರಕ್ಷಕ. ಕೊಳ ಆಗುವ ತನಕ ಯಾವುದಾದರೂ ಕೆರೆಯಲ್ಲಿ ಹಗ್ಗ ಕಟ್ಟಿ ತಂಡ ಶುರುಮಾಡೋಣವೆಂದು ಹುರುಪಿನ ಯುವಕರು ಹೇಳುತ್ತಾರೆ. ಹೂಳು, ಜೊಂಡು, ಗೊತ್ತಿಲ್ಲದ ಗುಂಡಿ ಇರುವ ನೀರಿಗೆ ಕಲಿಯುವವರನ್ನು ಇಳಿಸಲು ನಮ್ಮ ಒಪ್ಪಿಗೆಯಿಲ್ಲ.

ಹೊತ್ತಿನ ಪ್ರಶ್ನೆಯೂ ಉಂಟು. ಬೆಳಿಗ್ಗೆ ಆರರಿಂದ ಎಂಟು ತೆರೆದಿಡುವ ಕೊಳ ಸಂಬಳದ ನೌಕರರಿಗಾಗುತ್ತದೆ, ತೋಟದ ಆಳಿಗಾಗುವುದಿಲ್ಲ. ಸಂಜೆ ಕೆಲಸ ಬಿಟ್ಟ ಮೇಲೆ ತೆರೆದಿರಬೇಕು, ದೀಪವಿರಬೇಕು, ವಾರದ ರಜೆಯ ದಿನ ಹಗಲಿಡೀ ನಡೆಯಬೇಕು. ಅಂಗಡಿಯ ಹೊರಗೆ ನಿಂತಿದ್ದ ಆಕೆ ಹೊರಡುವ ಮೊದಲು ಇನ್ನೊಂದು ಮಾತು ಕೇಳಿದ್ದರು: “ಸೀರೇಲೇ ಇಳೀಬೋದಾ?” ಇಳಿಯಬಾರದು; ನೆನೆದ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಮೈಗೆ ಅಂಟಿ ನಿಲ್ಲುವ, ಮೊಣಕೈಯಿಂದ ಪಾದದ ಗಂಟಿನವರೆಗೆ ಮುಚ್ಚುವ ಈಜುಡುಗೆಗಳು ಸಿಕ್ಕುತ್ತವೆ. ಅವುಗಳ ಬೆಲೆ ಕೂಲಿಯವರ ಕೈಗೆ ಎಟುಕುವಂಥದಲ್ಲವಾದ್ದರಿಂದ, ಬೇರೆ ಬೇರೆ ಅಳತೆಯ ಇಪ್ಪತ್ತು ಉಡುಗೆಗಳನ್ನು ಪಂಚಾಯತಿಯೇ ಕೊಂಡು, ಒಗೆದು ಒಣಗಿಸಿ ಕೊಳದ ಬಳಿ ಇಟ್ಟಿರಬೇಕು.