ಆಟಿಕೆ ಕಾರಿನಲ್ಲಿ ಕ್ಯಾಮೆರಾ: ಹಾರಿದರೆ ನಿಯಮ, ಉರುಳಿದರೆ ಮೌನ!

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬೈನ ಹೌಸಿಂಗ್ ಸೊಸೈಟಿಗಳಲ್ಲಿ ಮಕ್ಕಳು ರಿಮೋಟ್ ಕಾರು ಓಡಿಸುತ್ತಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಆ ಕಾರಿನೊಳಗೆ ಉಗುರಿನಷ್ಟು ಚಿಕ್ಕ ಕ್ಯಾಮೆರಾ ಇದ್ದು, ಅದು ಬಾಗಿಲು ತೆರೆದಿರುವ ಪಕ್ಕದ ಮನೆಯ ಹಜಾರಕ್ಕೆ ಉರುಳಿಕೊಂಡು ಹೋದರೆ?

ಇಂಥ ಕಾರು ತಯಾರಿಸಲು ದೊಡ್ಡ ವಿದ್ಯೆಯೇನೂ ಬೇಕಿಲ್ಲ. 2 ಮೆಗಾಪಿಕ್ಸೆಲ್ ಕ್ಯಾಮೆರಾ ಮತ್ತು ವೈಫೈ ಎರಡೂ ಇರುವ ಇಎಸ್‌ಪಿ32-ಕ್ಯಾಮ್ ಎಂಬ ಪುಟ್ಟ ಬೋರ್ಡ್ ಕೆಲವೇ ನೂರು ರೂಪಾಯಿಗೆ ಆನ್‌ಲೈನ್‌ನಲ್ಲೂ, ಮುಂಬೈನ ಲ್ಯಾಮಿಂಗ್ಟನ್ ರಸ್ತೆಯಂಥ ಮಾರುಕಟ್ಟೆಯಲ್ಲೂ ಸಿಗುತ್ತದೆ. ಕಾರಿನ ಬ್ಯಾಟರಿಯಿಂದಲೇ ವಿದ್ಯುತ್ ಕೊಟ್ಟರೆ ಮೊಬೈಲ್‌ನಲ್ಲಿ ದೃಶ್ಯ ಮೂಡುತ್ತದೆ. ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪಾಲಿಗೆ ಇದು ಮಾಮೂಲಿ ಪ್ರಾಜೆಕ್ಟ್. ಅವರನ್ನೆಲ್ಲ ಅನುಮಾನದಿಂದ ನೋಡುವುದು ತಪ್ಪು.

ಮಾಡುವವರಿಗೇ ಗೊತ್ತಿಲ್ಲದ ಅಪಾಯವೊಂದು ಇದರಲ್ಲಿದೆ. ರೇಸಿಂಗ್ ಹವ್ಯಾಸಿಗಳು ಬಳಸುವ 5.8 ಗಿಗಾಹರ್ಟ್ಸ್‌ನ ಅನಲಾಗ್ ವಿಡಿಯೊಗೆ ಯಾವುದೇ ಗೂಢಲಿಪಿಯ ರಕ್ಷಣೆ ಇರುವುದಿಲ್ಲ. ಅದೇ ಚಾನೆಲ್‌ನ ರಿಸೀವರ್ ಇದ್ದರೆ ಮೇಲಿನ ಮಹಡಿಯವರೂ ನಿಮ್ಮ ಮನೆಯ ಒಳಗನ್ನು ನೋಡಬಹುದು. ಗೋಡೆಗೆ ಗೋಡೆ ತಾಗಿದ ಡೊಂಬಿವಲಿಯಂಥ ಊರಿನಲ್ಲಿ ಇದು ಸಣ್ಣ ಮಾತಲ್ಲ. ವೈಫೈ ಕ್ಯಾಮೆರಾ ಆದರೆ ಕಂಪನಿ ಕೊಟ್ಟ ಪಾಸ್‌ವರ್ಡ್ ಅನ್ನು ಮೊದಲ ದಿನವೇ ಬದಲಿಸಬೇಕು.

ಇನ್ನು ಕಾನೂನಿನ ಮಾತು. ಹಾರುವ ಕ್ಯಾಮೆರಾಗೆ 2021ರ ಡ್ರೋನ್ ನಿಯಮಗಳಿವೆ. 250 ಗ್ರಾಂ ಒಳಗಿನ ನ್ಯಾನೊ ಡ್ರೋನ್ ಕೂಡ ಅದರ ವ್ಯಾಪ್ತಿಯಲ್ಲಿದೆ. ಮುಂಬೈ ಪೊಲೀಸರು ಆಗಾಗ ಹೊರಡಿಸುವ ನಿಷೇಧಾಜ್ಞೆಗಳಲ್ಲೂ ಡ್ರೋನ್, ರಿಮೋಟ್ ವಿಮಾನಗಳ ಹೆಸರಿರುತ್ತದೆ. ನೆಲದ ಮೇಲೆ ಉರುಳುವ ಕ್ಯಾಮೆರಾಗೆ ಅಂಥ ಪ್ರತ್ಯೇಕ ನಿಯಮಾವಳಿ ಇಲ್ಲ. ಹೀಗಾಗಿ ಯಾವ ಸಾಧನ ಎಂಬುದಕ್ಕಿಂತ ಏನನ್ನು ಚಿತ್ರೀಕರಿಸಲಾಗಿದೆ ಎಂಬುದೇ ಮುಖ್ಯವಾಗುತ್ತದೆ.

ಮಹಿಳೆಯ ಖಾಸಗಿ ಕ್ಷಣಗಳನ್ನು ಕದ್ದು ಚಿತ್ರೀಕರಿಸಿದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 77ರಡಿ ಮೊದಲ ಅಪರಾಧಕ್ಕೇ 1ರಿಂದ 3 ವರ್ಷ ಜೈಲು. ಐಟಿ ಕಾಯ್ದೆಯ 66ಇ ಪುರುಷ, ಮಹಿಳೆ ಇಬ್ಬರಿಗೂ ಅನ್ವಯಿಸುತ್ತದೆ, ಆದರೆ ದೇಹದ ಖಾಸಗಿ ಭಾಗಗಳ ಚಿತ್ರಕ್ಕಷ್ಟೇ ಸೀಮಿತ. ಹಾಗಾದರೆ ಪಕ್ಕದ ಮನೆಯವರು ಊಟ ಮಾಡುವುದನ್ನು, ಜಗಳವಾಡುವುದನ್ನು, ಕಪಾಟಿನಲ್ಲಿ ಹಣ ಇಡುವುದನ್ನು ಕಾರಿನ ಕ್ಯಾಮೆರಾ ಸೆರೆಹಿಡಿದರೆ? ಈ ಎರಡೂ ಸೆಕ್ಷನ್‌ಗಳಿಗೆ ಅದು ಸುಲಭವಾಗಿ ಸಿಗುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಾದರೂ ನೆರವಿಗೆ ಬರಬಹುದೇ ಎಂದರೆ, ವ್ಯಕ್ತಿಯೊಬ್ಬರು ವೈಯಕ್ತಿಕ ಅಥವಾ ಗೃಹ ಬಳಕೆಗೆ ಸಂಗ್ರಹಿಸುವ ಮಾಹಿತಿಗೆ ಅಲ್ಲಿ ವಿನಾಯಿತಿ ಇದೆ.

ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್‌ನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆ ಹಕ್ಕು ನೆರೆಮನೆಯ ಹೊಸ್ತಿಲಿಗೆ ಇನ್ನೂ ಪೂರ್ತಿಯಾಗಿ ತಲುಪಿಲ್ಲ ಎನ್ನದೆ ವಿಧಿಯಿಲ್ಲ. 66ಇ ಸೆಕ್ಷನ್‌ಗೆ ಮನೆಯ ಒಳಾಂಗಣವನ್ನೂ ಸೇರಿಸಿದರೆ ಈ ಕೊರತೆ ಬಹುಪಾಲು ನೀಗುತ್ತದೆ. ಆಟಿಕೆಯನ್ನೇ ನಿಷೇಧಿಸುವ ಅಗತ್ಯವಿಲ್ಲ.

ಅಲ್ಲಿಯವರೆಗೆ ಸೊಸೈಟಿಗಳು ಸಾಮಾನ್ಯ ಸಭೆಯಲ್ಲೇ ಒಂದು ನಿರ್ಣಯ ಮಾಡಿಕೊಳ್ಳಬಹುದು: ಕ್ಯಾಮೆರಾ ಇರುವ ಕಾರು ಅಂಗಳದಲ್ಲಿ ಓಡಲಿ, ಮಹಡಿಯ ಪ್ಯಾಸೇಜ್‌ನಲ್ಲಿ ಬೇಡ. ಅನುಮಾನದ ಕಾರು ಕೈಗೆ ಸಿಕ್ಕರೆ ಅದರ ಮೆಮೊರಿ ಕಾರ್ಡ್ ಅಳಿಸಬೇಡಿ, ಅದೇ ಸಾಕ್ಷ್ಯ. ಕಲ್ಯಾಣ್-ಡೊಂಬಿವಲಿ ಥಾಣೆ ಪೊಲೀಸ್ ಕಮಿಷನರೇಟ್ ವ್ಯಾಪ್ತಿಗೆ ಬರುತ್ತದೆ, ನವಿ ಮುಂಬೈಗೆ ಬೇರೆಯೇ ಕಮಿಷನರೇಟ್ ಇದೆ. ಆದರೆ ಸೆಕ್ಷನ್ 77ರಂಥ ಅಪರಾಧವಾಗಿದ್ದರೆ 'ನಮ್ಮ ಹದ್ದಲ್ಲ' ಎಂದು ಠಾಣೆಯವರು ವಾಪಸ್ ಕಳುಹಿಸುವಂತಿಲ್ಲ. ಝೀರೊ ಎಫ್‌ಐಆರ್ ದಾಖಲಿಸಲೇಬೇಕು.