ದಫ್ತರಕ್ಕೆ ಸೇರದ ಲೆಕ್ಕ

ದಾವಣಗೆರೆಯ ವರ್ತಕ ಬಂಧುಗಳಿಗೆ ಇದು ಗೊತ್ತಿದ್ದದ್ದೇ: ಬಿಲ್ಲು ಬರೆಯದಿದ್ದರೂ ದಾಸ್ತಾನು ಎಷ್ಟು ಇಳಿಯಿತೆಂದು ನೋಡಿದರೆ ವ್ಯಾಪಾರದ ಅಂದಾಜು ಸಿಗುತ್ತದೆ. ಗರ್ಭಪಾತದ ಲೆಕ್ಕವನ್ನೂ ಹೀಗೆಯೇ ಹಿಡಿಯಬೇಕಾಗಿದೆ.

1971ರ ಶಾಸನವು ವೈದ್ಯರು ಒಪ್ಪಿದರೆ, ಗೊತ್ತಾದ ಕಾರಣಗಳಿಗೆ ಮಾತ್ರ ಇದಕ್ಕೆ ಅವಕಾಶ ಕೊಟ್ಟಿತು. ಅದರ ಹೊರಗೆ ನಡೆದರೆ ಅಪರಾಧ, ಹೆಂಗಸಿಗೂ ಶಿಕ್ಷೆಯುಂಟು. ಹೀಗಿರುವಾಗ ಮನೆಗೆ ಬಂದು ಕೇಳಿದವರ ಮುಂದೆ ಯಾರು ತಾನೆ ಬಾಯಿ ಬಿಟ್ಟಾರು?

ಆದುದರಿಂದ ಸಂಶೋಧಕರು ಆರು ರಾಜ್ಯಗಳ ಆಸ್ಪತ್ರೆಗಳನ್ನು ವಿಚಾರಿಸಿದರು. ದೇಶದಲ್ಲಿ ಮಾರಾಟವಾದ ಮಾತ್ರೆಗಳ ಲೆಕ್ಕ ಹಾಕಿದರು. 2015ರಲ್ಲಿ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತಗಳಾದವೆಂದು ತಿಳಿಯಿತು. ಸರ್ಕಾರದ ದಫ್ತರದಲ್ಲಿದ್ದದ್ದು ವರ್ಷಕ್ಕೆ 7 ಲಕ್ಷದಷ್ಟು! ನೂರಕ್ಕೆ 73 ಆಸ್ಪತ್ರೆಯ ಹೊರಗೆ, ಮಾತ್ರೆಯಿಂದಲೇ ಆಗಿದ್ದವು. ಹಾಗೆಂದು ಅವರೆಲ್ಲ ಅಪಾಯಕ್ಕೆ ಸಿಕ್ಕರೆಂದಲ್ಲ. ಆದರೆ ಸಿಕ್ಕವರಿಗೆ ದಿಕ್ಕು ಯಾರು?

ಏಳು ಲಕ್ಷವೆಂದು ಬರೆದುಕೊಂಡ ಸರ್ಕಾರ ಅಷ್ಟಕ್ಕೇ ಡಾಕ್ಟರನ್ನೂ ಹಾಸಿಗೆಯನ್ನೂ ಒದಗಿಸುತ್ತದೆ. ಆ ಆರು ರಾಜ್ಯಗಳಲ್ಲಿ ಕರ್ನಾಟಕವಿರಲಿಲ್ಲ. ಕೂಲಿ ಬಿಟ್ಟು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಲಾರದ ದಾವಣಗೆರೆ, ಹರಿಹರದ ಹೆಂಗಸರನ್ನು ಎಣಿಸಿದವರಾರು? ಹೆಸರು ಕೇಳದೆ, ಬೆದರಿಸದೆ, ಪ್ರತಿ ಜಿಲ್ಲೆಯಲ್ಲೂ ಈ ಲೆಕ್ಕ ನಡೆಯಲಿ. ಎಣಿಕೆಗೆ ಬಾರದವರಿಗೆ ಬಜೆಟ್ಟಿನಲ್ಲೂ ಪಾಲಿಲ್ಲ!