ಉಸ್ತಾದರ ಸ್ಪ್ಯಾನರು

ಈ ಸಲ ಆಯುಧಪೂಜೆಗೆ ನನ್ನ ತಮ್ಮ ಗ್ಯಾರೇಜಲ್ಲಿ ಮೊದಲು ಹೂ ಇಟ್ಟಿದ್ದು ಒಂದು ಹಳೇ ಸ್ಪ್ಯಾನರಿಗೆ. ಹೋದ ವರ್ಷ ತೀರಿಕೊಂಡ ಅವನ ಉಸ್ತಾದರದ್ದು ಅದು. "ನಾನು ತಿನ್ನೋ ಅನ್ನ ಅವರದ್ದೇ ಕಣಕ್ಕ" ಅಂದ.

ಅವನು ಎಸ್ಸೆಸ್ಸೆಲ್ಸಿ ಫೇಲಾದಾಗ ಮನೆಯವರೆಲ್ಲ ಅತ್ತಿದ್ವಿ. ಕೈ ಹಿಡಿದೋರು ಉಸ್ತಾದರು. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೇಲಿ ಇದ್ದವರು, 1996ರಲ್ಲಿ ಅದು ಮುಚ್ಚಿದ ಮೇಲೆ ಸಣ್ಣ ಗ್ಯಾರೇಜ್ ಇಟ್ಕೊಂಡಿದ್ರು. ಮೊದಮೊದಲು ಇವನ ಕೈಲಿ ಬರೀ ಪಾರ್ಟು ತೊಳೆಸಿದ್ರಂತೆ. "ಬಿಚ್ಚೋಕೆ ಮುಂಚೆ ಗಾಡಿ ಸದ್ದು ಕೇಳು" ಅನ್ನೋರಂತೆ. ಯೆಜ್ಡಿ ಸ್ಟಾರ್ಟಾಗದಿದ್ರೆ ಮೊದಲು ಪ್ಲಗ್ಗಿನ ಮಸಿ ಒರೆಸಿ, ಪಾಯಿಂಟಿನ ಗ್ಯಾಪ್ ನೋಡೋರು. ಅಷ್ಟಕ್ಕೇ ಸರಿಹೋದ್ರೆ ಅಷ್ಟಕ್ಕೇ ದುಡ್ಡು. ಕೆಡದೇ ಇರೋ ಸಾಮಾನು ಬದಲಾಯಿಸಿ ಕಾಸು ತಗೊಳ್ಳೋದು ಕಳ್ಳತನ ಅಂತ ಕಲಿಸಿದ್ದು ಅವರೇ. ತಮ್ಮ ಇವತ್ತಿಗೂ ಹಾಗೇ ನಡ್ಕೋತಾನೆ.

ಸೆಪ್ಟೆಂಬರ್ 5ಕ್ಕೆ ಮಕ್ಕಳ ಕೈಲಿ ಮೇಷ್ಟ್ರುಗಳಿಗೆ ಹೂ ಕೊಡಿಸ್ತೀವಿ, ಒಳ್ಳೇದೇ. ಆದ್ರೆ ಕೈ ಮಸಿ ಮಾಡ್ಕೊಂಡು ಬದುಕು ಕಲಿಸಿದವರನ್ನ "ಬರೀ ಮೆಕ್ಯಾನಿಕ್ಕು" ಅಂದುಬಿಡ್ತೀವಿ. ನಾನೂ ಹಾಗಂದವಳೇ. ಒಂದ್ಸಲ ಉಸ್ತಾದರು ತಮ್ಮನ ಜತೆ ಮನೆಗೆ ಬಂದಾಗ ಜಗುಲೀಲೇ ಕೂರಿಸಿ ಕಾಫಿ ಕೊಟ್ಟೆ. ಒಳಗೆ ಬನ್ನಿ ಅನ್ನಲಿಲ್ಲ. ಅವರು ಕಾಫಿ ಕುಡಿದು, "ಚೆನ್ನಾಗಿದೆ ತಾಯಿ" ಅಂತ ಹೇಳಿ ಹೋದ್ರು. ಈಗ ಕರೀಬೇಕು ಅಂದ್ರೂ ಅವರಿಲ್ಲ.

ನಿಮ್ಮ ಮನೆ ಹುಡುಗರು ಎಲ್ಲಾದ್ರೂ ಕೈಕೆಲಸ ಕಲೀತಿದ್ರೆ, ಕಲಿಸೋರನ್ನ ಹಬ್ಬದ ದಿನ ಊಟಕ್ಕೆ ಕರೀರಿ. ಒಳಗೆ ಕೂರಿಸಿ, ಎಲೆ ಹಾಕಿ ಬಡಿಸಿ.